ಮುಂಬಯಿಯಲ್ಲಿ ಕಟ್ಟಿದ ಬ್ರಿಟಿಷ್ ಯುದ್ಧನೌಕೆಗಳು: ‘ಸೆರಿಂಗಪಟಂ’ ಮತ್ತು ಅದರ ಒಡಹುಟ್ಟುಗಳು

ಇತಿಹಾಸಾಸಕ್ತೆ:
ಮಾನ್ಯ ಸದಸ್ಯರಿಗೆ ನಮಸ್ಕಾರ. ಕಳೆದ ವರ್ಷ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಗ್ರೀನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯವನ್ನು ನೋಡಿ ಬಂದೆ. ಹಳೆಯ ಹಾಯಿಹಡಗುಗಳ ಮೂತಿಯಲ್ಲಿ ಕೂರಿಸುತ್ತಿದ್ದ ಮರದ ಬೊಂಬೆಗಳ ನಡುವೆ, ದೊಡ್ಡದೊಂದು ಹಕ್ಕಿಯ ಮೇಲೆ ಕುಳಿತು ಕೈಯಲ್ಲಿ ಛತ್ರಿ ಹಿಡಿದ ರುಮಾಲಿನ ಪುರುಷನೊಬ್ಬ ಕಂಡ. ಆ ಬೊಂಬೆಯಿದ್ದ ಹಡಗಿನ ಹೆಸರು ‘ಸೆರಿಂಗಪಟಂ’ ಎಂದು ಓದಿದಾಗ ನಾನು ಅಲ್ಲಿಂದ ಕದಲಲಾಗಲಿಲ್ಲ. ಮೂವತ್ತು ವರ್ಷ ಶ್ರೀರಂಗಪಟ್ಟಣದ ಸುತ್ತಮುತ್ತಲ ಶಾಲೆಗಳಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಆ ಊರಿನ ಹೆಸರನ್ನು ಹೊತ್ತು ಕಡಲು ಸುತ್ತಿದ ಯುದ್ಧನೌಕೆಯೊಂದಿತ್ತು ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅದು 1819ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ, 46 ತೋಪುಗಳ ಫ್ರಿಗೇಟ್ (ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ) ಎಂದು ಆಮೇಲೆ ಓದಿ ತಿಳಿದುಕೊಂಡೆ. ಜಗತ್ತಿನಲ್ಲೇ ದೊಡ್ಡ ನೌಕಾಪಡೆಯನ್ನು ಹೊಂದಿದ್ದ ಬ್ರಿಟನ್ ತನ್ನ ಯುದ್ಧನೌಕೆಗಳನ್ನು ಅಷ್ಟು ದೂರದ ಮುಂಬಯಿಯಲ್ಲಿ ಕಟ್ಟಿಸಿದ್ದೇಕೆ? ಅವು ಎಲ್ಲೆಲ್ಲಿಗೆ ಹೋದವು? ಹಕ್ಕಿಯ ಮೇಲೆ ಕುಳಿತವನು ಟಿಪ್ಪು ಸುಲ್ತಾನನೇ? ಶಾಲೆಯ ಭಿತ್ತಿಪತ್ರಿಕೆಗೆ ಒಂದು ಬರಹವನ್ನು ಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ತಿಳಿದವರು ದಯವಿಟ್ಟು ಬರೆಯಬೇಕು.

ಕೂವೆಮರ:
ತಮ್ಮ ಮೊದಲ ಪ್ರಶ್ನೆಗೆ ಉತ್ತರ ಓಕ್ ಮರದ ಅಭಾವದಲ್ಲಿದೆ. ಬ್ರಿಟಿಷ್ ಅಡ್ಮಿರಲ್ ನೆಲ್ಸನ್ನನ ‘ವಿಕ್ಟರಿ’ ಹಡಗೊಂದಕ್ಕೇ ಸುಮಾರು 6000 ಮರಗಳು ಬೇಕಾದವು, ಅವುಗಳಲ್ಲಿ ಹೆಚ್ಚಿನವು ಓಕ್ ಎಂದು ಲೆಕ್ಕ ಹೇಳುತ್ತಾರೆ. ಓಕ್ ಮರ ಹಡಗಿಗೆ ಒದಗುವಷ್ಟು ಬೆಳೆಯಲು ನೂರು ವರ್ಷವಾದರೂ ಹಿಡಿಯುತ್ತದೆ. ನೆಪೋಲಿಯನ್ ಜೊತೆಗಿನ ಯುದ್ಧ ವರ್ಷಗಟ್ಟಲೆ ನಡೆದಾಗ ಬ್ರಿಟನ್ನಿನ ಕಾಡುಗಳಲ್ಲಿ ಒಳ್ಳೆಯ ಮರ ಸಾಲದಾಯಿತು, ಸಿಕ್ಕ ಮರವನ್ನು ಸರಿಯಾಗಿ ಒಣಗಿಸಲು ಪುರುಸೊತ್ತೂ ಇರಲಿಲ್ಲ. 1810ರಲ್ಲಿ ನೀರಿಗಿಳಿದ ‘ಕ್ವೀನ್ ಷಾರ್ಲೆಟ್’ ಎಂಬ ಭಾರೀ ಹಡಗಿನ ಮರಗಳಿಗೆ ಬೂಷ್ಟು ಹಿಡಿದು, ಸಮುದ್ರ ಯಾನಕ್ಕೆ ಹೊರಡುವ ಮೊದಲೇ ಅದನ್ನು ಬಹುಮಟ್ಟಿಗೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅಂಥ ಹೊತ್ತಿನಲ್ಲಿ, ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ದಶಕಗಳ ಕಾಲ ಗಟ್ಟಿಯಾಗಿ ಉಳಿಯುತ್ತಿದ್ದುದು ನೌಕಾ ಇಲಾಖೆಯವರ ಕಣ್ಣಿಗೆ ಬೀಳದೆ ಇರಲಿಲ್ಲ.

ಎರಡನೆಯ ಕಾರಣ ಮನುಷ್ಯರದು, ನನ್ನ ಮಟ್ಟಿಗೆ ಅದೇ ಹೆಚ್ಚಿನದು. 1736ರಲ್ಲಿ ಸೂರತ್ತಿನಿಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿ ಮುಂಬಯಿಗೆ ಬಂದು ಹಡಗುಕಟ್ಟೆಯ ಕೆಲಸಕ್ಕೆ ನಿಂತರು. ಅಲ್ಲಿಂದ ಮುಂದೆ ತಲೆಮಾರುಗಳ ಕಾಲ ಅಲ್ಲಿನ ಮುಖ್ಯ ಬಡಗಿಯ ಹುದ್ದೆ ಅದೇ ಮನೆತನದ ಕೈಯಲ್ಲಿತ್ತು. ಮುಂಬಯಿಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ದೊಡ್ಡ ವ್ಯತ್ಯಾಸವಿರುವುದರಿಂದ, ಭರತದಲ್ಲಿ ಹಡಗನ್ನು ಒಳಗೆ ತೇಲಿಸಿಕೊಂಡು, ಇಳಿತದಲ್ಲಿ ನೀರನ್ನು ಹೊರಬಿಟ್ಟು ಬಾಗಿಲು ಮುಚ್ಚುವ ಡ್ರೈ ಡಾಕ್‌ಗಳನ್ನು ಕಟ್ಟಲು ಅದು ಹೇಳಿ ಮಾಡಿಸಿದ ಜಾಗ. ಮೊದಲನೆಯದು 1750ರ ಸುಮಾರಿಗೆ ಸಿದ್ಧವಾಯಿತು. ದೊಡ್ಡ ಯುದ್ಧನೌಕೆಗಳಿಗೆ ತಕ್ಕ ಡಂಕನ್ ಡಾಕ್ 1810ರಲ್ಲಿ ಮುಗಿಯಿತು.

ಲವ್‌ಜಿಯವರ ಮೊಮ್ಮಗ ಜಮ್‌ಶೆಡ್‌ಜಿ ಬೊಮನ್‌ಜಿ ವಾಡಿಯಾ ಅವರು ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ ಮೊದಲ ದೊಡ್ಡ ಹಡಗು 74 ತೋಪುಗಳ ‘ಮಿಂಡೆನ್’. ಅದು ನೀರಿಗಿಳಿದದ್ದು 1810ರ ಜೂನ್ 19ರಂದು. ಅದರ ಬೆನ್ನಿಗೆ 1813ರಲ್ಲಿ ‘ಕಾರ್ನ್‌ವಾಲಿಸ್’, 1815ರಲ್ಲಿ ‘ವೆಲ್ಲೆಸ್ಲಿ’, 1817ರಲ್ಲಿ ‘ಟ್ರಿಂಕೋಮಲಿ’, 1819ರಲ್ಲಿ ತಾವು ಕೇಳಿದ ‘ಸೆರಿಂಗಪಟಂ’, 1821ರಲ್ಲಿ ‘ಗ್ಯಾಂಜಸ್’ ಬಂದವು. ಜಮ್‌ಶೆಡ್‌ಜಿಯವರು 1821ರಲ್ಲೇ ತೀರಿಕೊಂಡ ಬಳಿಕ, ಅವರ ಮಗ ನೌರೋಜಿಯವರ ಕಾಲದಲ್ಲಿ 1824ರಲ್ಲಿ 84 ತೋಪುಗಳ ‘ಏಷ್ಯಾ’ ನೀರಿಗಿಳಿಯಿತು. ಹಡಗಿನ ಹೆಸರು, ಕ್ಯಾಪ್ಟನ್ನರ ಹೆಸರು, ಯುದ್ಧಗಳ ಹೆಸರು ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತವೆ. ಕಟ್ಟಿದವರ ಹೆಸರನ್ನೂ ತಮ್ಮ ಬರಹದಲ್ಲಿ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ನನ್ನ ವಿನಂತಿ.

ಬಡಗಿಮನೆ:
ನಮ್ಮದು ನಾಲ್ಕು ತಲೆಮಾರಿನಿಂದ ಮರಗೆಲಸದ ಮನೆ. ಆದ್ದರಿಂದ ಮರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓಕ್ ಬಲವಾದ ಮರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರಲ್ಲಿ ಒಗರಿನ ಆಮ್ಲವಿರುತ್ತದೆ. ಕಬ್ಬಿಣದ ಮೊಳೆ ಹೊಡೆದರೆ ತೇವದಲ್ಲಿ ಆ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಹಿಡಿದ ಮೊಳೆಯ ಸುತ್ತಲಿನ ಮರವೂ ಮೆತ್ತಗಾಗುತ್ತದೆ. ತೇಗದಲ್ಲಿರುವುದು ಎಣ್ಣೆಯ ಅಂಶ. ಅದರೊಳಗೆ ಕೂತ ಕಬ್ಬಿಣ ಬಹುಕಾಲ ಹಾಗೆಯೇ ಉಳಿಯುತ್ತದೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಬಿಸಿಲು ಮಳೆಗಳಿಗೆ ಸಿಕ್ಕಿದರೂ ಹಲಗೆ ಅಷ್ಟಾಗಿ ಡೊಂಕಾಗುವುದಿಲ್ಲ. ನನ್ನ ಅಜ್ಜ ಕೂರಿಸಿದ ತೇಗದ ಬಾಗಿಲೊಂದನ್ನು ಎಂಬತ್ತು ವರ್ಷಗಳ ನಂತರ ನಾನೇ ಬಿಚ್ಚಿದ್ದೇನೆ. ಮೊಳೆಗಳು ಹೊಸದರಂತೆ ಹೊರಬಂದವು. ಒಂದು ಬಾಗಿಲಿನಲ್ಲಿ ಕಂಡದ್ದನ್ನೇ ಸಾವಿರಾರು ಮೊಳೆಗಳ ಹಡಗಿಗೆ ಹಿಗ್ಗಿಸಿ ನೋಡಿದರೆ, ಆ ಹಡಗುಗಳ ಆಯುಷ್ಯದ ಗುಟ್ಟು ಬಡಗಿಗೆ ಬೇರೆ ಹೇಳಬೇಕಾಗಿಲ್ಲ.

ಜೋಡಣೆಯಲ್ಲೂ ವ್ಯತ್ಯಾಸವಿತ್ತು. ಯುರೋಪಿನಲ್ಲಿ ಹಲಗೆಯ ಅಂಚಿಗೆ ಅಂಚನ್ನು ತಾಗಿಸಿಟ್ಟು ನಡುವಿನ ಸಂದಿಗೆ ನಾರು ತುರುಕಿ ಡಾಂಬರು ಹಾಕುವುದು ರೂಢಿ. ಸೂರತ್ ಕಡೆಯ ಬಡಗಿಗಳು ಅಂಚಿನಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು, ತೆಗೆದು, ಒಂದು ಹಲಗೆಯನ್ನು ಇನ್ನೊಂದರೊಳಗೆ ಕೂರಿಸುತ್ತಿದ್ದರು. ಹಡಗಿನ ಅಡಿಮರವನ್ನು ಇಡುವ ದಿನ ಪಾರ್ಸಿ ಪದ್ಧತಿಯಂತೆ ಅದಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆಯುತ್ತಿದ್ದರು, ‘ಟ್ರಿಂಕೋಮಲಿ’ಗೂ ಹೊಡೆದಿದ್ದರು. ಮನೆಯ ಪ್ರಧಾನ ಬಾಗಿಲಿನ ಹೊಸ್ತಿಲಡಿ ನವರತ್ನ ಇಟ್ಟು ಪೂಜೆ ಮಾಡುವ ನಮಗೆ ಅದು ಹೊರಗಿನ ಆಚಾರವೆಂದು ಅನ್ನಿಸುವುದೇ ಇಲ್ಲ.

ಘಟ್ಟದಂಚು:
ಬಡಗಿಮನೆಯವರ ಮಾತು ಓದಿ ಸಂತೋಷವಾಯಿತು. ಆದರೆ ಆ ತೇಗ ಹಡಗುಕಟ್ಟೆಗೆ ತಾನಾಗಿ ನಡೆದು ಹೋಗಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಮರವನ್ನು ಕಡಿಯುವ ಎರಡು ಮೂರು ವರ್ಷ ಮೊದಲೇ ಬುಡದ ಸುತ್ತ ತೊಗಟೆಯನ್ನೂ ಅದರೊಳಗಿನ ಬಿಳಿಯ ಭಾಗವನ್ನೂ ಕೆಚ್ಚಿನವರೆಗೆ ಬಳೆಯಂತೆ ಕೆತ್ತಿ ತೆಗೆದು, ಮರ ನಿಂತಲ್ಲೇ ಸತ್ತು ಒಣಗಲು ಬಿಡುತ್ತಿದ್ದರು. ಆಮೇಲೆ ಕಡಿದು, ಆನೆಗಳಿಂದ ಎಳೆಸಿ, ಮಳೆಗಾಲದಲ್ಲಿ ಉಕ್ಕಿದ ಹೊಳೆಗೆ ದೂಡಿ ಸಮುದ್ರದ ದಂಡೆಗೆ ತೇಲಿಸುವುದು. ಮುಂಬಯಿಯ ಹಡಗುಕಟ್ಟೆ ನಂಬಿದ್ದು ಮುಖ್ಯವಾಗಿ ಮಲಬಾರಿನ ತೇಗವನ್ನು. ನಮ್ಮ ಉತ್ತರ ಕನ್ನಡದ ಸಾಗವಾನಿಯೂ 19ನೇ ಶತಮಾನದಲ್ಲಿ ಕಾಳಿ ನದಿಯ ದಾರಿಯಲ್ಲಿ ಸದಾಶಿವಗಡಕ್ಕಿಳಿದು ಕಡಲ ವ್ಯಾಪಾರಕ್ಕೆ ಸೇರುತ್ತಿತ್ತು.

1806ರಲ್ಲಿ ಕಂಪನಿಯವರು ಕ್ಯಾಪ್ಟನ್ ವಾಟ್ಸನ್ ಎಂಬವರನ್ನು ಮಲಬಾರು ಮತ್ತು ತಿರುವಾಂಕೂರಿನ ಅರಣ್ಯ ಸಂರಕ್ಷಕರೆಂದು ನೇಮಿಸಿದರು. ಪದವಿಯ ಹೆಸರು ಸಂರಕ್ಷಕ, ಕೆಲಸ ಮಾತ್ರ ನೌಕಾಪಡೆಗೆ ತೇಗ ಒದಗಿಸುವುದು. ತೇಗದ ಮೇಲೆ ಕಂಪನಿಯ ಏಕಸ್ವಾಮ್ಯ ಬಂತು. ತಲೆತಲಾಂತರದಿಂದ ಕಾಡಿನ ಒಡೆತನವಿದ್ದವರೂ ತಮ್ಮ ನೆಲದ ಮರವನ್ನು ತಾವು ಮಾರುವಂತಿರಲಿಲ್ಲ, ರೈತರಿಗೆ ಸೌದೆಗೂ ಅಡ್ಡಿಯಾಯಿತು. ದೂರುಗಳು ಹೆಚ್ಚಿ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1823ರಲ್ಲಿ ಆ ವ್ಯವಸ್ಥೆಯನ್ನು ರದ್ದುಪಡಿಸಿದರು. ಆ ಹೊತ್ತಿಗಾಗಲೇ ಸುಲಭವಾಗಿ ಸಿಗುತ್ತಿದ್ದ ದೊಡ್ಡ ತೇಗಗಳು ಮುಗಿಯುತ್ತ ಬಂದಿದ್ದವು. 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗದ ನೆಡುತೋಪನ್ನು ಎಬ್ಬಿಸಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಹಡಗು ಎಷ್ಟು ಚೆಂದವಿತ್ತು ಎಂದು ಬರೆಯುವಾಗ ಈ ಲೆಕ್ಕವನ್ನೂ ಮಕ್ಕಳಿಗೆ ತಿಳಿಸುವುದು ಒಳ್ಳೆಯದು.

ಇತಿಹಾಸಾಸಕ್ತೆ:
ಎಲ್ಲರಿಗೂ ಕೃತಜ್ಞತೆಗಳು. ‘ಮಿಂಡೆನ್’ ಹೆಸರು ಕೇಳಿದಾಗ ಒಂದು ನೆನಪಾಯಿತು. ಅಮೆರಿಕದ ರಾಷ್ಟ್ರಗೀತೆಯನ್ನು ಮುಂಬಯಿಯಲ್ಲಿ ಕಟ್ಟಿದ ಈ ಹಡಗಿನ ಮೇಲೆ ಕುಳಿತು ಬರೆಯಲಾಯಿತು ಎಂದು ಹಲವು ಕಡೆ ಓದಿದ್ದೇನೆ. ಭಿತ್ತಿಪತ್ರಿಕೆಯಲ್ಲಿ ಅದನ್ನು ಮೊದಲ ಸಾಲಾಗಿ ಬಳಸಬಹುದೇ?

ಕೂವೆಮರ:
ದಯವಿಟ್ಟು ಬಳಸಬೇಡಿ. 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಗುಂಡಿನ ಮಳೆಯಾಗುತ್ತಿದ್ದುದನ್ನು ಆ ಗೀತೆ ಬರೆದ ಕವಿ ನೋಡಿದ್ದು ಸಂಧಾನದ ಬಿಳಿ ಬಾವುಟ ಹಾರಿಸಿಕೊಂಡು ಹೋಗಿದ್ದ ಅಮೆರಿಕದ್ದೇ ಆದ ಸಣ್ಣ ಹಡಗಿನಿಂದ. ಮಿಂಡೆನ್ ಆ ಕಾಲದಲ್ಲಿ ಪೂರ್ವದ ಕಡಲುಗಳಲ್ಲಿತ್ತು. ನಮ್ಮವರು ಕಟ್ಟಿದ ಹಡಗಿನ ಮೇಲಿನ ಪ್ರೀತಿಯಿಂದಲೇ ಈ ಕಥೆ ಹಬ್ಬಿರಬೇಕು. ಆದರೂ ಸುಳ್ಳಿನ ಆಸರೆ ಆ ಹಡಗಿಗೆ ಬೇಕಾಗಿಲ್ಲ. ಅದು 1811ರಲ್ಲಿ ಜಾವಾ ದ್ವೀಪವನ್ನು ಗೆದ್ದ ದಂಡಯಾತ್ರೆಯಲ್ಲಿತ್ತು. 1816ರ ಆಗಸ್ಟ್ 27ರಂದು, ಕ್ರೈಸ್ತ ಗುಲಾಮರ ಬಿಡುಗಡೆಗೆಂದು ಲಾರ್ಡ್ ಎಕ್ಸ್‌ಮೌತ್ ಅಲ್ಜೀರ್ಸ್ ಬಂದರಿನ ಮೇಲೆ ನಡೆಸಿದ ತೋಪಿನ ದಾಳಿಯಲ್ಲಿ ಪಾಲ್ಗೊಂಡಿತು. ಕೊನೆಗೆ ಹಾಂಗ್‌ಕಾಂಗ್‌ನಲ್ಲಿ ತೇಲುವ ಆಸ್ಪತ್ರೆಯಾಗಿ ನಿಂತಿತು. ಮಾರಾಟವಾದದ್ದು 1861ರಲ್ಲಿ, ಅಂದರೆ ಹುಟ್ಟಿದ ಐವತ್ತೊಂದು ವರ್ಷಗಳ ನಂತರ. ಹಾಂಗ್‌ಕಾಂಗ್‌ನ ಒಂದು ಬೀದಿಗೆ ಇಂದಿಗೂ ಅದರ ಹೆಸರಿದೆ.

ಟೀಸ್‌ತೀರ:
ನಾನು ಹದಿನೈದು ವರ್ಷಗಳಿಂದ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿದ್ದೇನೆ. ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಹಾರ್ಟಲ್‌ಪೂಲ್‌ನಲ್ಲಿ ‘ಟ್ರಿಂಕೋಮಲಿ’ ನಿಂತಿದೆ. ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದೇ ಅತ್ಯಂತ ಹಳೆಯದು. ‘ವಿಕ್ಟರಿ’ ಅದಕ್ಕಿಂತ ಹಳೆಯದಾದರೂ ಡ್ರೈ ಡಾಕ್‌ನಲ್ಲಿದೆ. ಊರಿನಿಂದ ಬಂದ ನೆಂಟರನ್ನೆಲ್ಲ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಕೆಳಗಿನ ಡೆಕ್ಕಿನಲ್ಲಿ ತಲೆ ಬಗ್ಗಿಸಿಯೇ ನಡೆಯಬೇಕು. ಮುನ್ನೂರರಷ್ಟು ಜನ ಆ ಕತ್ತಲಲ್ಲಿ ತೂಗುಮಂಚ ಕಟ್ಟಿಕೊಂಡು ಮಲಗುತ್ತಿದ್ದರು ಎನ್ನುವುದನ್ನು ಅಲ್ಲಿ ನಿಂತಾಗಲೇ ನಂಬಬಹುದು.

ಈ ಹಡಗಿನ ಹುಟ್ಟೇ ಒಂದು ಯಾನದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇದರ ನಕ್ಷೆಗಳನ್ನು ಹೊತ್ತು ಮುಂಬಯಿಯತ್ತ ಹೊರಟಿದ್ದ ‘ಜಾವಾ’ ಎಂಬ ಫ್ರಿಗೇಟನ್ನು 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿತು. ನಕ್ಷೆಗಳನ್ನು ಮತ್ತೆ ಕಳುಹಿಸಬೇಕಾಯಿತು. ಹೀಗಾಗಿ 1812ರಲ್ಲಿ ಆದೇಶವಾದ ಹಡಗಿನ ಅಡಿಮರವನ್ನು ಇಟ್ಟದ್ದು 1816ರಲ್ಲಿ, ನೀರಿಗಿಳಿಸಿದ್ದು 1817ರ ಅಕ್ಟೋಬರ್ 12ರಂದು. ಆ ಹೊತ್ತಿಗೆ ಯಾವ ಯುದ್ಧಕ್ಕೆಂದು ಅದನ್ನು ಬಯಸಿದ್ದರೋ ಆ ಯುದ್ಧವೇ ಮುಗಿದಿತ್ತು! 1819ರಲ್ಲಿ ಪೋರ್ಟ್ಸ್‌ಮೌತ್ ತಲುಪಿದ ಮೇಲೆ ಕೂವೆಮರಗಳನ್ನು ಕಿತ್ತು, ಮೇಲೊಂದು ಮಾಡು ಹೊದಿಸಿ, ಕಾಲು ಶತಮಾನ ಅದನ್ನು ಸುಮ್ಮನೆ ನಿಲ್ಲಿಸಿಬಿಟ್ಟರು.

1840ರ ದಶಕದಲ್ಲಿ ತೋಪುಗಳನ್ನು 26ಕ್ಕೆ ಇಳಿಸಿ ಮತ್ತೆ ಸಜ್ಜುಗೊಳಿಸಿದರು. ಮೊದಲ ಸೇವೆ 1847ರಿಂದ 1850ರವರೆಗೆ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್ ಕಡಲುಗಳಲ್ಲಿ. ಎರಡನೆಯದು 1852ರಿಂದ 1857ರವರೆಗೆ, ಕ್ಯಾಪ್ಟನ್ ವ್ಯಾಲೇಸ್ ಹೂಸ್ಟನ್ ಅವರ ಕೈಕೆಳಗೆ, ಶಾಂತಸಾಗರದಲ್ಲಿ. ಈ ಎರಡನೆಯ ಯಾನ ನನಗೆ ಬಹಳ ಪ್ರಿಯವಾದದ್ದು. ದಕ್ಷಿಣದಲ್ಲಿ ಚಿಲಿಯ ವಾಲ್‌ಪರೈಸೊದಿಂದ ಹಿಡಿದು ಹವಾಯಿ ದ್ವೀಪಗಳವರೆಗೆ, ಅಲ್ಲಿಂದ ಕೆನಡಾದ ಪಶ್ಚಿಮ ತೀರಕ್ಕೆ ಅದು ಓಡಾಡಿತು. ಕ್ರಿಮಿಯಾ ಯುದ್ಧದ ಕಾಲದಲ್ಲಿ ರಷ್ಯದ ಹಡಗುಗಳ ಮೇಲೆ ಕಾವಲು ಕಾಯಿತು. 1854ರಲ್ಲಿ, ಉತ್ತರ ಧ್ರುವದ ಕಡಲಿನಲ್ಲಿ ಕಾಣೆಯಾದ ಫ್ರಾಂಕ್ಲಿನ್ ತಂಡದ ಹುಡುಕಾಟಕ್ಕೆ ನೆರವಾಗಿ ಅಲಾಸ್ಕಾದಲ್ಲಿ ನಿಂತಿದ್ದ ‘ರ‍್ಯಾಟಲ್‌ಸ್ನೇಕ್’ ಹಡಗಿಗೆ ದಿನಸಿ ಸಾಮಾನು ತಲುಪಿಸಿತು. ಮಲಬಾರಿನ ಬಿಸಿಲು ಮಳೆಯಲ್ಲಿ ಬೆಳೆದ ಮರ ಬೇರಿಂಗ್ ಜಲಸಂಧಿಯ ಮಂಜಿನ ಬಳಿಗೂ ಹೋಗಿ ಬಂದದ್ದು ಹೀಗೆ.

ಬ್ರಿಟಿಷ್ ಕೊಲಂಬಿಯದ ನಕ್ಷೆಯನ್ನು ತೆರೆದು ಸಾಲ್ಟ್ ಸ್ಪ್ರಿಂಗ್ ದ್ವೀಪವನ್ನು ಹುಡುಕಿ ನೋಡಿ. ಅದರ ಪಕ್ಕದ ಜಲಮಾರ್ಗದ ಹೆಸರು ಟ್ರಿಂಕೋಮಲಿ ಚಾನೆಲ್, ಸಮೀಪದಲ್ಲೇ ಕ್ಯಾಪ್ಟನ್ ಹೆಸರಿನ ಹೂಸ್ಟನ್ ಪ್ಯಾಸೇಜ್, ಅದೇ ದ್ವೀಪದ ಬಂದರು ಗ್ಯಾಂಜಸ್ ಹಾರ್ಬರ್. 1857ರಿಂದ 1861ರವರೆಗೆ ಶಾಂತಸಾಗರದ ಅಡ್ಮಿರಲ್‌ನ ಹಡಗಾಗಿದ್ದ ‘ಗ್ಯಾಂಜಸ್’ ಹೆಸರೇ ಆ ಬಂದರಿಗೆ ನಿಂತಿದೆ. ಒಂದೇ ಕಟ್ಟೆಯಲ್ಲಿ ನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದ ಎರಡು ಹಡಗುಗಳ ಹೆಸರು ಭೂಮಿಯ ಆ ತುದಿಯಲ್ಲಿ ಅಕ್ಕಪಕ್ಕ ಉಳಿದಿವೆ.

1897ರಲ್ಲಿ ಟ್ರಿಂಕೋಮಲಿಯನ್ನು ಒಡೆದುಹಾಕಲು ಮಾರಿದ್ದರು. ಜಾರ್ಜ್ ವೀಟ್ಲಿ ಕಾಬ್ ಎಂಬವರು ಅದನ್ನು ಕೊಂಡು, ‘ಫೂಡ್ರೊಯಾಂಟ್’ ಎಂಬ ಬೇರೆ ಹೆಸರಿಟ್ಟು ಹುಡುಗರ ತರಬೇತಿಗೆ ಬಳಸಿದ್ದರಿಂದ ಅದು ಉಳಿಯಿತು. 1986ರವರೆಗೂ ಆ ಕೆಲಸ ನಡೆಯಿತು. 1987ರಲ್ಲಿ ಇಲ್ಲಿಗೆ ತಂದು, ಹಳೆಯ ಹೆಸರನ್ನು ಮರಳಿಸಿ, 2001ರ ಹೊತ್ತಿಗೆ ದುರಸ್ತಿ ಮುಗಿಸಿದರು.

ಅಳಿವೆ:
ಟೀಸ್‌ತೀರದವರ ಬರಹ ಮನಸ್ಸನ್ನು ಹಿಡಿಯಿತು, ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಇವು ಯುದ್ಧದ ಹಡಗುಗಳು. 1839ರ ಫೆಬ್ರವರಿಯಲ್ಲಿ ಕರಾಚಿಯ ಮನೋರಾ ಕೋಟೆಯ ಮೇಲೆ ತೋಪು ಹಾರಿಸಿ ಆ ಬಂದರನ್ನು ಕಂಪನಿಗೆ ಗೆದ್ದುಕೊಟ್ಟದ್ದು ‘ವೆಲ್ಲೆಸ್ಲಿ’. ಮರುವರ್ಷ ಅದೇ ಹಡಗು ಅಫೀಮು ಯುದ್ಧಕ್ಕೆ ಚೀನಕ್ಕೆ ಹೋಗಿ ಚೂಸಾನ್ ದ್ವೀಪವನ್ನು ಹಿಡಿಯಿತು. ಹಾಂಗ್‌ಕಾಂಗನ್ನು ಬ್ರಿಟನ್ನಿಗೆ ಒಪ್ಪಿಸಿದ ನಾನ್‌ಕಿಂಗ್ ಒಪ್ಪಂದಕ್ಕೆ 1842ರ ಆಗಸ್ಟ್ 29ರಂದು ಸಹಿ ಬಿದ್ದದ್ದು ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. ಭಾರತದಲ್ಲಿ ಬೆಳೆದ ಅಫೀಮಿಗಾಗಿ ನಡೆದ ಯುದ್ಧದ ಕೊನೆಯ ಕಾಗದ ಭಾರತದಲ್ಲಿ ಕಟ್ಟಿದ ಹಡಗಿನ ಮೇಲೆ ಬರೆಯಲ್ಪಟ್ಟಿತು. ಬಡಗಿಯ ಕೈಚಳಕವನ್ನು ನಾನೂ ಗೌರವಿಸುತ್ತೇನೆ, ಆದರೆ ಕೆಲಸ ಎಷ್ಟು ಒಳ್ಳೆಯದಾಗಿತ್ತೋ ಹಡಗು ಅಷ್ಟು ದೂರ ಹೋಗಿ ಅಷ್ಟು ಕಾಲ ತೋಪು ಹಾರಿಸಿತು ಎಂಬುದನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಕೂವೆಮರ:
ಅಳಿವೆಯವರು ಹೇಳಿದ್ದನ್ನು ಒಪ್ಪುತ್ತೇನೆ, ಅದಕ್ಕೆ ಇನ್ನೊಂದು ಯುದ್ಧವನ್ನು ಸೇರಿಸುತ್ತೇನೆ. 1827ರ ಅಕ್ಟೋಬರ್ 20ರಂದು ಗ್ರೀಸಿನ ನವರಿನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ರಷ್ಯದ ಕೂಡು ಪಡೆ ಒಟ್ಟೊಮನ್ ಮತ್ತು ಈಜಿಪ್ಟಿನ ನೌಕಾಬಲವನ್ನು ನುಚ್ಚುನೂರು ಮಾಡಿತು. ಗ್ರೀಸಿನ ಸ್ವಾತಂತ್ರ್ಯಕ್ಕೆ ಅದು ದಾರಿಯಾಯಿತು. ಪೂರ್ತಿಯಾಗಿ ಹಾಯಿಹಡಗುಗಳೇ ಕಾದಾಡಿದ ಕೊನೆಯ ದೊಡ್ಡ ಕದನವದು. ಅಡ್ಮಿರಲ್ ಕಾಡ್ರಿಂಗ್ಟನ್ ನಿಂತಿದ್ದದ್ದು ಮುಂಬಯಿಯ ‘ಏಷ್ಯಾ’ದ ಮೇಲೆ. ಆ ದಿನ ‘ಜಿನೋವಾ’ ಎಂಬ ಹಡಗಿನ ಮೇಲೆ ಸತ್ತ ಕ್ಯಾಪ್ಟನ್ ಬ್ಯಾಥರ್ಸ್ಟ್, ಹದಿನೇಳು ವರ್ಷ ಹಿಂದೆ ಮುಂಬಯಿಯ ಇನ್ನೊಂದು ಫ್ರಿಗೇಟ್ ‘ಸಾಲ್ಸೆಟ್’ಗೆ ಒಡೆಯನಾಗಿದ್ದವರು. ಆ ಸಾಲ್ಸೆಟ್ಟಿನಲ್ಲಿ ಪ್ರಯಾಣ ಮಾಡುತ್ತಿದ್ದಾಗಲೇ, 1810ರ ಮೇ 3ರಂದು, ಕವಿ ಬೈರನ್ ಡಾರ್ಡನೆಲ್ಸ್ ಜಲಸಂಧಿಯನ್ನು ಈಜಿ ದಾಟಿದ್ದ. ಅದೇ ಕವಿ ಮುಂದೆ ಗ್ರೀಸಿನ ಬಿಡುಗಡೆಗೆಂದು ಹೋಗಿ ಅಲ್ಲಿಯೇ ತೀರಿಕೊಂಡ.

ವೆಲ್ಲೆಸ್ಲಿಯ ಕೊನೆಯನ್ನೂ ಹೇಳಿಬಿಡುತ್ತೇನೆ. ದಾರಿ ತಪ್ಪಿದ ಹುಡುಗರನ್ನು ತಿದ್ದುವ ಶಾಲೆಯಾಗಿ ಥೇಮ್ಸ್ ನದಿಯಲ್ಲಿ ನಿಂತಿದ್ದ ಆ ಹಡಗನ್ನು 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬು ಮುಳುಗಿಸಿತು. ಆಗ ಅದಕ್ಕೆ 125 ವರ್ಷ.

ಮಿರ್ಜಾನಿನವ:
ಛತ್ರಿ ಹಿಡಿದವನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಆ ಬೊಂಬೆ ಟಿಪ್ಪುವಿನದೆಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಹಕ್ಕಿಯಂತೂ ಅರಬ್ಬೀ ಕಥೆಗಳಲ್ಲಿ ಆನೆಯನ್ನೇ ಎತ್ತಿಕೊಂಡು ಹೋಗುವ ರುಖ್. ಛತ್ರಿ ನಮ್ಮಲ್ಲಿ ಅರಸುತನದ ಕುರುಹು, ಅದನ್ನು ಅರಸ ತಾನೇ ಹಿಡಿದುಕೊಳ್ಳುವುದಿಲ್ಲ, ಹಿಡಿಯಲು ಬೇರೆ ಜನ ಇರುತ್ತಾರೆ. ಕೆತ್ತಿದವರ ಮನಸ್ಸಿನಲ್ಲಿ ಟಿಪ್ಪು ಇದ್ದಿದ್ದರೂ ಅವರು ಕೆತ್ತಿದ್ದು ತಮ್ಮ ಕಲ್ಪನೆಯ ಪೂರ್ವದೇಶವನ್ನು ಎಂದೇ ನನಗೆ ತೋರುತ್ತದೆ.

ಟಿಪ್ಪುವಿಗೂ ಹಡಗಿಗೂ ಇದ್ದ ನಿಜವಾದ ನಂಟು ಬೇರೆಯೇ ಇದೆ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಂದರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶ ಮಾಡಿದ. 1796ರಲ್ಲಿ ಟಿಪ್ಪು ಸುಲ್ತಾನ ನೌಕಾಬಲಕ್ಕೆಂದೇ ಒಂದು ಇಲಾಖೆಯನ್ನು ಸ್ಥಾಪಿಸಿ, 22 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟುವ ಯೋಜನೆ ಹಾಕಿದ. ಹಡಗುಕಟ್ಟೆಗಳಿಗೆ ಗೊತ್ತುಮಾಡಿದ ಜಾಗಗಳಲ್ಲಿ ಮಂಗಳೂರು ಒಂದು, ನಮ್ಮ ಮಿರ್ಜಾನಿನ ಹಿನ್ನೀರು ಇನ್ನೊಂದು. ಮೂರು ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಹಡಗುಗಳು ಕಾಗದದಲ್ಲೇ ಉಳಿದವು. ಇಪ್ಪತ್ತು ವರ್ಷಗಳ ನಂತರ ಗೆದ್ದವರು ಅವನ ರಾಜಧಾನಿಯ ಹೆಸರನ್ನು ತಮ್ಮ ಫ್ರಿಗೇಟಿಗೆ ಇಟ್ಟುಕೊಂಡರು.

ಆ ಫ್ರಿಗೇಟ್ 1830ರಲ್ಲಿ ಕ್ಯಾಪ್ಟನ್ ವಾಲ್ಡ್‌ಗ್ರೇವ್ ಅವರ ಕೈಕೆಳಗೆ ತಹೀತಿ, ಟೊಂಗಾ ದ್ವೀಪಗಳಿಗೆ ಹೋಗಿತ್ತು. ಮುಂದೆ ಗುಡ್‌ಹೋಪ್ ಭೂಶಿರದ ಬಂದರಿನಲ್ಲಿ, ಹೊಸ ಕಾಲದ ಉಗಿಹಡಗುಗಳಿಗೆ ಕಲ್ಲಿದ್ದಲು ತುಂಬಿಡುವ ತೇಲುಗೋದಾಮಾಯಿತು. 1873ರಲ್ಲಿ ಅದನ್ನು ಒಡೆದರು.

ಇತಿಹಾಸಾಸಕ್ತೆ:
ಇಷ್ಟೊಂದು ಬರೆದುಕೊಟ್ಟ ಎಲ್ಲರಿಗೂ ವಂದನೆಗಳು. ‘ಟಿಪ್ಪುವಿನ ಮೂರ್ತಿ ಹೊತ್ತ ಹಡಗು’ ಎಂದು ನಾನು ಬರೆದಿಟ್ಟುಕೊಂಡಿದ್ದ ಶೀರ್ಷಿಕೆಯನ್ನು ಹೊಡೆದುಹಾಕಿದ್ದೇನೆ. ಮಿಂಡೆನ್ನಿನ ಮೊದಲ ಸಾಲೂ ಹೋಯಿತು. ಬರಹ ಈಗ 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಹೊರಟ ಬಡಗಿಯಿಂದ ಆರಂಭವಾಗುತ್ತದೆ. ಮಲಬಾರಿನ ಕಾಡಿಗೂ ನಾನ್‌ಕಿಂಗ್ ಒಪ್ಪಂದಕ್ಕೂ ಒಂದೊಂದು ಅಂಕಣ ಇಟ್ಟಿದ್ದೇನೆ. ಬಡಗಿಮನೆಯವರಲ್ಲಿ ಒಂದು ಕೋರಿಕೆ: ಹಲಗೆಯ ಅಂಚಿನಲ್ಲಿ ಗಾಡಿ ತೆಗೆದು ಕೂರಿಸುವ ಆ ಜೋಡಣೆಯ ಚಿತ್ರವೊಂದನ್ನು ಕೈಯಲ್ಲೇ ಬರೆದು ಕಳುಹಿಸುವಿರಾ?

ಬಡಗಿಮನೆ:
ಚಿತ್ರಕ್ಕಿಂತ ಮರದಲ್ಲೇ ಮಾಡಿ ತೋರಿಸುವುದು ಮೇಲು. ಹಳೆಯ ತೇಗದ ಎರಡು ತುಂಡು ಹಲಗೆಗಳು ಮನೆಯಲ್ಲಿವೆ. ಬರುವ ವಾರ ಮೈಸೂರಿಗೆ ಬರುವುದಿದೆ. ಜೋಡಿಸಿ ತರುತ್ತೇನೆ, ಮಕ್ಕಳು ಬಿಚ್ಚಿ ಮತ್ತೆ ಕೂರಿಸಿ ನೋಡಲಿ.